ಕಳುಹಿಸಲಾಗಿದೆ

ಮಾಣಿಜೂಗಕ್ಕೆ ಇಳಿತದ ಹೊತ್ತಲ್ಲಿ ಹೋಗಬಾರದು.
ಕಾಳಿ ಹಿಂದೆ ಸರಿದು ದೋಣಿ ಕೆಸರಿಗೆ ಕೂರುತ್ತದೆ.
ಆಮೇಲೆ ನೀವು, ನಿಮ್ಮ ಟ್ಯಾಬ್ಲೆಟ್ಟು, ನಿಮ್ಮ ಅಂಕಿ ಅಂಶ
ಎಲ್ಲ ಕಾಯಬೇಕು, ಸಮುದ್ರ ಮನಸ್ಸು ಮಾಡುವವರೆಗೆ.
ಇದನ್ನು 'ಅಧ್ಯಯನ ವಿಧಾನ' ಎಂಬ ಅಧ್ಯಾಯದಲ್ಲಿ ಬರೆದಿದ್ದೆ.
ಹೊಡೆದು ಹಾಕಿದರು.

ನಲವತ್ತೊಂದು ಮನೆ. ಮೂವತ್ತೆಂಟನೆಯದು
ಶೆವಂತಿ ತಾಂಡೇಲರದು.
ಗೋಡೆಗೆ ಹೊಸ ಸುಣ್ಣ. ಕಿಟಕಿಯ ನೆತ್ತಿಯಲ್ಲಿ ಮಾತ್ರ
ಒಂದು ಗೆರೆಯಷ್ಟು ಮಣ್ಣು ಬಣ್ಣ ಬಿಟ್ಟು ಬಳಿದಿದ್ದಾರೆ.
"ಅದನ್ನೂ ಮುಚ್ಚಿದ್ರೆ ನಮ್ಮ ಮಾತು ಯಾರು ನಂಬ್ತಾರೆ?
ನಿಮ್ಮಂಥವರು ಬರ್ತಾ ಇರ್ತಾರಲ್ಲ."

ಟೇಪು ಹಿಡಿದೆ. ಆರು ಅಡಿ ಎರಡು ಇಂಚು.
ಮೊಮ್ಮಗ ಗೆರೆಯ ಕೆಳಗೆ ಬೆನ್ನು ಹಚ್ಚಿ ನಿಂತು
ಇನ್ನೆಷ್ಟು ಬೆಳೀಬೇಕು ಎಂದು ತಲೆ ಮೇಲೆ ಕೈಯಿಟ್ಟು ನೋಡಿದ.

ಪ್ರಶ್ನೆ ಒಂಬತ್ತು: ನೆರೆಯ ನಂತರ ನೀರಿನ ಗುಣಮಟ್ಟ?
ಕೆಟ್ಟಿದೆ. ಹಾಗೆಯೇ ಇದೆ. ಸುಧಾರಿಸಿದೆ.
"ಸಿಹಿ ಆಯ್ತು" ಅಂದರು.
ಸುಧಾರಿಸಿದೆ ಎಂಬಲ್ಲಿ ಒತ್ತಲು ಹೋದವಳ
ಮುಂಗೈ ಹಿಡಿದರು.
"ಸಿಹಿ ಆದದ್ದಕ್ಕೇ ಬೆಳಚು ಸತ್ತದ್ದು.
ಉಪ್ಪಿಲ್ಲದೆ ಬಾಯಿ ಬಿಟ್ಕೊಂಡು ಬಿದ್ದಿದ್ವು.
ಮೊಳಕೈವರೆಗೆ ಕೆಸರಲ್ಲಿ ಬಾಚಿದ್ರೂ ಬರೀ ಚಿಪ್ಪು.
ಆ ವರ್ಷ ಸುಣ್ಣದ ಗೂಡಿನವನಿಗೇ ಸುಗ್ಗಿ."
ಗೋಡೆ ಸವರಿದರು.
"ಇದೂ ಅದೇ."

ಎಲ್ಲಿ ಬರೆಯಲಿ? 'ಇತರೆ' ಎಂಬ ಕಿಂಡಿಗೆ
ಅರವತ್ತು ಅಕ್ಷರ ಮಿತಿ.

ಪ್ರಶ್ನೆ ಹದಿನಾಲ್ಕು: ಮುನ್ನೆಚ್ಚರಿಕೆಯ ಸಂದೇಶ ಬಂದಿತ್ತೆ?
ಮೇಲಿನ ಕಚೇರಿಯ ದಾಖಲೆ ನನ್ನ ಚೀಲದಲ್ಲೇ ಇತ್ತು.
ಗೇಟು ಎತ್ತಿದ್ದು ಬೆಳಗಿನ ಜಾವ ಮೂರು ಹತ್ತಕ್ಕೆ,
ಸಂದೇಶ ಹೊರಟದ್ದು ಎರಡು ನಲವತ್ತಕ್ಕೆ,
ಎದುರಿಗೆ ಒಂದೇ ಮಾತು: ಕಳುಹಿಸಲಾಗಿದೆ.

ಪ್ಲಾಸ್ಟಿಕ್ ಕೊಟ್ಟೆ ಬಿಚ್ಚಿ ಗುಂಡಿ ಒತ್ತುವ ಫೋನು ತೆಗೆದರು.
"ಬಂದಿತ್ತು. ಅಳಿಸಲಿಲ್ಲ. ಓದಿ."
ಓದಿದೆ. ನದಿಪಾತ್ರದ ಜನರು ಸುರಕ್ಷಿತ ಸ್ಥಳಕ್ಕೆ.
ಕಾಗುಣಿತ ಕೂಡ ತಪ್ಪಿರಲಿಲ್ಲ.

"ಕಂಬ ಬಿದ್ದು ಮೂರು ದಿನ ಕರೆಂಟಿರಲಿಲ್ಲ, ಫೋನು ಸತ್ತಿತ್ತು.
ಗಂಜಿ ಕೇಂದ್ರದ ಶಾಲೆಯಲ್ಲಿ ಚಾರ್ಜಿಗಿಟ್ಟಾಗ
ಟಣ್ ಅಂತು. ಆಮೇಲೆ ಪಕ್ಕದವಳದ್ದು ಟಣ್.
ಬೆಂಚಿನ ಮೇಲಿದ್ದ ಅಷ್ಟೂ ಫೋನು, ಒಂದರ ಹಿಂದೊಂದು,
ಓಡಿ, ಓಡಿ ಅಂತ.
ನಾವು ನಕ್ಕೆವು. ನಗಬಾರದಿತ್ತು.
ಒಳಗೆ ಒಬ್ಬರ ಮಗು ಇನ್ನೂ ಸಿಕ್ಕಿರಲಿಲ್ಲ."

ಮಾಡಿನ ಮೇಲೆ ತಂತಿ ಗುಂಯ್ಗುಡುತ್ತಿತ್ತು.
ಅದೇ ನೀರಿನಿಂದ ಹುಟ್ಟಿದ ಕರೆಂಟು, ಬಲು ದಪ್ಪನೆಯದು.
ಜೂಗ ದಾಟಿ ಎಲ್ಲಿಗೋ ಹೋಗುತ್ತದೆ.
ಇಲ್ಲಿ ಇಳಿಯುವ ತಂತಿ ಅಲ್ಲ ಅದು.

ಹಾಗಾದರೆ ಗೊತ್ತಾದದ್ದು ಹೇಗೆ?
(ಇದು ಪಟ್ಟಿಯಲ್ಲಿ ಇರಲಿಲ್ಲ.)
"ದೋಣಿ. ಅಂಗಳದ ಆಚೆ ಕಟ್ಟಿದ ದೋಣಿ
ಬಂದು ಬಾಗಿಲು ಬಡೀತು.
ಅದು ಇಳಿತದ ಹೊತ್ತು. ಲೆಕ್ಕ ನಂಗೆ ಗೊತ್ತಿಲ್ವಾ?
ಭರತ ಗೊತ್ತು, ಇಳಿತ ಗೊತ್ತು.
ಈ ಮೂರನೇದನ್ನ ಮೇಲೆ ಯಾರೋ ಕೂತು ತಿರುಗಿಸ್ತಾರಂತೆ.
ಅವರಿಗೆ ನಮ್ಮ ಪಂಚಾಂಗ ತೋರಿಸಿದ್ದೀರಾ?"

ಹದಿನಾಲ್ಕಕ್ಕೆ ಎರಡೇ ಉತ್ತರ: ಹೌದು, ಇಲ್ಲ.
ಬಂದಿತ್ತಲ್ಲ. ಹೌದು.
ಮೂವತ್ತೆಂಟು ಮನೆಗೂ ಹೌದು.

ಮಾತು ಉದ್ದವಾಗಿ ನೀರು ಇಳಿದುಹೋಗಿತ್ತು.
ದೋಣಿ ಕೆಸರಲ್ಲಿ ಓರೆಯಾಗಿ ಕೂತಿತ್ತು.
ಉಳಿದ ಮೂರು ಮನೆ ಮುಗಿಸಿ ಅವರ ಜಗಲಿಗೇ ಮರಳಿದೆ.
ಅವರು ಸೋಲ್ ಕಡಿ ಕೊಟ್ಟರು. ಹುಡುಗ ಟ್ಯಾಬ್ಲೆಟ್ಟಿಗೆ ಇಣುಕಿದ.
ಬ್ಯಾಟರಿ ನಾಲ್ಕು ಉಳಿದಿತ್ತು. ಒತ್ತಿದೆ.

ಕಳುಹಿಸಲಾಗುತ್ತಿದೆ, ಅಂದಿತು.
ಸಣ್ಣ ಚಕ್ರವೊಂದು ತಿರುಗುತ್ತ ತಿರುಗುತ್ತ